ಎಳೆಯಬಾರದ ನೂಲು

ನಾಯಿ ವಾಂತಿ ಮಾಡಿತೆಂದು ಯಾರ ಮನೆಯಲ್ಲೂ ಕೆಲಸ ನಿಲ್ಲುವುದಿಲ್ಲ. ಒಬ್ಬರು ಮಣ್ಣು ತಂದು ಮುಚ್ಚುತ್ತಾರೆ, ಒಬ್ಬರು ನೀರು ಹೊಯ್ಯುತ್ತಾರೆ, ಇನ್ನೊಬ್ಬರು "ಎಲ್ಲೋ ಏನೋ ತಿಂದು ಬಂದಿದೆ" ಅನ್ನುತ್ತಾರೆ. ಅಲ್ಲಿಗೆ ಆ ಮಾತು ಮುಗಿಯುತ್ತದೆ. ಕತ್ತರಿ ಮಾಸ್ಟರ ಮನೆಯಲ್ಲೂ ಆ ದಿನ ಬೆಳಿಗ್ಗೆ ಅಷ್ಟೇ ಆಯಿತು.

ಮಾಸ್ಟರ ಮನೆ ಅಂದರೆ ಬೀದಿಗೆ ಬಾಗಿಲು ತೆರೆಯುವ ಒಂದು ಉದ್ದನೆಯ ಕೋಣೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಪುಟ್ಟ ಹಿತ್ತಿಲು. ಉದ್ದನೆಯ ಕೋಣೆಯಲ್ಲೇ ಹೊಲಿಗೆ. ಕಿಟಕಿಯ ಬಳಿ ಸೊಸೆಯ ಮಷೀನು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಗೋಡೆಗೆ ಒರಗಿ ಮಾಸ್ಟರ ಕುರ್ಚಿ. ಒಂದು ಕಾಲಕ್ಕೆ ಆ ಮೇಜು ಅವರದೇ ರಾಜ್ಯ. ಅವರು ಕತ್ತರಿಸಿದ ಕೋಟು ಹಾಕಿಕೊಂಡರೆ ಗೂನು ಬೆನ್ನಿನವನೂ ನೆಟ್ಟಗೆ ಕಾಣುತ್ತಾನೆ ಎಂದು ಜನ ಹೇಳುತ್ತಿದ್ದರು. ಈಗ ಕಣ್ಣು ಮಂಜಾಗಿತ್ತು, ಬೆರಳಿಗೆ ನಡುಕ ಬಂದಿತ್ತು. ಕತ್ತರಿ ಸೊಸೆಯ ಕೈಗೆ ಹೋಗಿತ್ತು. ಮಗ ಲಾರಿ ಓಡಿಸುವವನು, ಮನೆಗೆ ಬರುವುದು ಯಾವಾಗಲೋ ಒಮ್ಮೆ. ಮಾಸ್ಟರಿಗೆ ಉಳಿದದ್ದು ಒಂದೇ ಕೆಲಸ, ಕಚ್ಚಾ ಹೊಲಿಗೆ ಬಿಚ್ಚುವುದು.

ಮಷೀನಿಗೆ ಕೊಡುವ ಮೊದಲು ಬಟ್ಟೆಯ ಎರಡು ಪದರ ಜರುಗದ ಹಾಗೆ ಕೈಯಲ್ಲಿ ದೂರ ದೂರಕ್ಕೆ ಹಾಕುವ ಹೊಲಿಗೆ ಅದು. ಬಟ್ಟೆ ಸಿದ್ಧವಾದ ಮೇಲೆ ಆ ನೂಲಿಗೆ ಅಲ್ಲಿ ಕೆಲಸವಿಲ್ಲ. ಗಂಟನ್ನು ಕತ್ತರಿಸಿ, ತುದಿಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿಕೊಂಡು ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಬಟ್ಟೆ ನೆರಿಗೆ ಕಟ್ಟುತ್ತದೆ. ಎಲ್ಲೋ ಸಿಕ್ಕಿಕೊಂಡ ನೂಲನ್ನು ಹಟ ಹಿಡಿದು ಎಳೆದರೆ ಬಟ್ಟೆಯೇ ಹರಿಯುತ್ತದೆ. ಮಾಸ್ಟರ ಕೈಯಲ್ಲಿ ಬಟ್ಟೆ ಹರಿದದ್ದನ್ನು ಯಾರೂ ಕಂಡಿಲ್ಲ. ನಡುಗುವ ಬೆರಳು ಈ ಒಂದು ಕೆಲಸಕ್ಕೆ ಮಾತ್ರ ನಡುಗುತ್ತಿರಲಿಲ್ಲ. ನೂಲಿನ ತುದಿ ಕಂಡಲ್ಲಿಗೆ ಅದು ತಾನಾಗಿ ಹೋಗುತ್ತಿತ್ತು. ಬೀದಿಯಲ್ಲಿ ಹೋಗುವವನ ಅಂಗಿಯ ತೋಳಿನಲ್ಲಿ ನೂಲು ಜೋತಾಡುತ್ತಿದ್ದರೂ "ಏ, ನಿಲ್ಲಯ್ಯ" ಎಂದು ಕರೆದು, ಎಳೆದು ಕಳಿಸುತ್ತಿದ್ದರು.

ಕುರ್ಚಿಯ ಕೆಳಗೆ ಮಲಗುತ್ತಿತ್ತು ಚಿಂದಿ. ಒಂದು ಮಳೆಗಾಲದಲ್ಲಿ ಹೊರಗಿಟ್ಟ ಚಿಂದಿ ಬಟ್ಟೆಯ ಮೂಟೆಯೊಳಗಿಂದ ಕುಂಯ್ ಎಂಬ ಸದ್ದು ಬಂದು, ಬಿಚ್ಚಿ ನೋಡಿದರೆ ಅಂಗೈಯಗಲದ ಹೆಣ್ಣುಮರಿ. ಅದಕ್ಕೇ ಆ ಹೆಸರು. ಮೈಯೆಲ್ಲ ಕಂದು, ಕಪ್ಪು, ಬಿಳಿ ತೇಪೆ. ಮಾಸ್ಟರು ಎಲ್ಲಿ ಎದ್ದರೆ ಅಲ್ಲಿ ಏಳುತ್ತಿತ್ತು, ಎಲ್ಲಿ ಕೂತರೆ ಅಲ್ಲಿ ಕೂರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಾಸ್ಟರು ಇಡೀ ದಿನ ಮಾತಾಡುತ್ತಿದ್ದುದು ಅದರ ಜೊತೆಗೇ. "ನಂಗಿಂತ ನಾಯಿಗೇ ಮರ್ಯಾದೆ ಜಾಸ್ತಿ ಈ ಮನೇಲಿ" ಎಂದು ಸೊಸೆ ಆಗಾಗ ಗೊಣಗಿದರೂ, ಹುರಿದ ಮೀನಿನ ತಲೆಯನ್ನು ಮರೆಯದೆ ಅದಕ್ಕೆ ಎತ್ತಿಡುತ್ತಿದ್ದಳು.

ಮಾಸ್ಟರಿಗೆ ಒಂದು ಅಭ್ಯಾಸವಿತ್ತು. ಎಳೆದ ನೂಲನ್ನೆಲ್ಲ ಸುತ್ತಿ ಚೆಂಡಿನ ಹಾಗೆ ಮಾಡಿಟ್ಟು, ಕುರ್ಚಿಯಲ್ಲೇ ಊಟ ಮಾಡಿ, ಆ ಚೆಂಡಿನಲ್ಲೇ ಕೈ ಒರೆಸಿ ಕೆಳಗೆ ಹಾಕುತ್ತಿದ್ದರು.

"ಮಾವ, ಒರೆಸೋ ಬಟ್ಟೆ ಕೊಟ್ಟಿದ್ದೀನಲ್ಲ," ಅನ್ನುತ್ತಿದ್ದಳು ಸೊಸೆ.

"ಇಷ್ಟು ನೂಲು ಸುಮ್ನೆ ಬಿಸಾಡೋದಾ? ಕೈ ಒರೆಸೋಕಾದ್ರೂ ಆಗ್ಲಿ ಬಿಡು."

ಸಂಜೆ ಕಸ ಗುಡಿಸುವಾಗ ಅವಳು ಅದನ್ನೂ ಗುಡಿಸಿ ಹಾಕುತ್ತಿದ್ದಳು. ಒಂದು ಸಂಜೆ ಕುರ್ಚಿಯ ಕೆಳಗೆ ಚೆಂಡು ಇರಲಿಲ್ಲ. ಮಾವನೇ ಎತ್ತಿ ಹಾಕಿರಬೇಕು ಎಂದುಕೊಂಡಳು ಅವಳು. ಸೊಸೆ ಗುಡಿಸಿರಬೇಕು ಎಂದುಕೊಂಡರು ಇವರು. ಅದರಲ್ಲಿ ಮೀನಿನ ವಾಸನೆ ಇತ್ತೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಚಿಂದಿ ಹೊಸ್ತಿಲ ಮೇಲೆ ವಾಂತಿ ಮಾಡಿತು.

"ಮಾವ, ಇದು ಮತ್ತೆ ಕಕ್ತಿದೆ," ಎಂದಳು ಸೊಸೆ ಮಷೀನು ನಿಲ್ಲಿಸಿ. ಶಾಲೆಯ ಸಮವಸ್ತ್ರದ ರಾಶಿ ಅವಳ ಸುತ್ತ ಸೊಂಟದೆತ್ತರ ಬಿದ್ದಿತ್ತು. ಮಾರನೆಯ ದಿನ ಒಪ್ಪಿಸಬೇಕಾದ ಬಟ್ಟೆ. "ಕುಡಿದ ನೀರೂ ನಿಲ್ತಿಲ್ಲ."

"ಎಲ್ಲೋ ಏನೋ ತಿಂದಿರತ್ತೆ ಕಣಮ್ಮ. ನಿನ್ನ ಗಂಡ ಮಗುವಾಗಿದ್ದಾಗ ಕುಡಿದ ಹಾಲೆಲ್ಲ ಕಕ್ತಿದ್ದ. ಈಗ ನೋಡು, ಬಾಗಿಲಲ್ಲಿ ಹಿಡಿಸಲ್ಲ."

ಎದುರು ಅಂಗಡಿಯ ಪಂಚರ್‌ನವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದುತ್ತಾ ಕೂಗಿದ: "ಏನ್ ಮಾಸ್ಟ್ರೇ, ಗಾಳಿ ನಿಲ್ತಿಲ್ವಾ?"

"ಗಾಳಿ ಅಲ್ಲಯ್ಯ, ನೀರು ನಿಲ್ತಿಲ್ಲ."

"ತನ್ನಿ ಇಲ್ಲಿ, ಒಂದು ಪ್ಯಾಚ್ ಹಾಕಿ ಕೊಡ್ತೀನಿ."

ಇಬ್ಬರೂ ನಕ್ಕರು. ಚಿಂದಿ ಕುರ್ಚಿಯ ಕೆಳಗೆ ಬರಲಿಲ್ಲ. ಮೇಜಿನ ಹಿಂದೆ, ಕತ್ತಲು ಮೂಲೆಗೆ ಹೋಗಿ ಬೆನ್ನು ಗೂನು ಮಾಡಿಕೊಂಡು ಕೂತಿತು. ಮಧ್ಯಾಹ್ನ ಮೀನಿನ ತಲೆ ಇಟ್ಟರೆ ಮೂಸಿ ಮುಖ ತಿರುಗಿಸಿತು. ಆಗ ಮಾಸ್ಟರು ಸೊಸೆಗೆ ಕಾಣದ ಹಾಗೆ ಎದ್ದು, ಒಂದು ಚಮಚ ಅಡುಗೆ ಎಣ್ಣೆಯನ್ನು ಅದರ ಬಾಯಿಗೆ ಹೊಯ್ದರು. ತಮ್ಮ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ರೊಟ್ಟಿಯ ತುಣುಕಿನಲ್ಲಿಟ್ಟು ನುಂಗಿಸಿದರು. ತಮಗೆ ನೋವು ಕಡಿಮೆಯಾಗುವುದು ಅದರಿಂದಲೇ ಅಲ್ಲವೇ. ಪ್ರೀತಿಯಿಂದಲೇ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದೆಲ್ಲ ಹಳದಿ ನೊರೆಯ ಜೊತೆ ಹೊರಗೆ ಬಂತು.

ಸಂಜೆ ಲಸಿಕೆ ಅಕ್ಕ ಬಂದಳು. ಪಶು ಆಸ್ಪತ್ರೆಯವಳು. ಮನೆಮನೆ ತಿರುಗಿ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕುವುದು ಅವಳ ಕೆಲಸ. ಅವಳ ಚೀಲ ಕಂಡರೆ ಬೀದಿಯ ನಾಯಿಗಳೆಲ್ಲ ಮಾಯ. ಆ ದಿನ ಅವಳು ಬಂದದ್ದು ತನ್ನ ಕೆಲಸದ ಕೋಟಿಗಾಗಿ.

"ನಿಮ್ಮ ಕೋಟು ಇವತ್ತು ಸಿಗಲ್ಲ ತಾಯಿ," ಎಂದರು ಮಾಸ್ಟರು. "ಶಾಲೆಯವರದ್ದು ಮುಗೀಲಿ."

"ಕೋಟು ಎಲ್ಲಿ ಹೋಗತ್ತೆ. ಅದ್ಯಾಕೆ, ಇವತ್ತು ನನ್ನ ನೋಡಿ ಬೊಗಳಲೇ ಇಲ್ಲ ನಿಮ್ಮ ಹುಡುಗಿ?"

ಅವಳು ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಚಿಂದಿಯ ತುಟಿ ಎತ್ತಿ ವಸಡಿನ ಮೇಲೆ ಬೆರಳಿಟ್ಟಳು. "ಒದ್ದೆಯಾಗಿ ಜಾರ್ತಾ ಇರ್ಬೇಕು ಇದು. ಬೆರಳಿಗೆ ಅಂಟ್ತಿದೆ ನೋಡಿ. ಮೈಯಲ್ಲಿ ನೀರು ಕಮ್ಮಿಯಾಗಿದೆ." ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿದ ಕೂಡಲೇ ಚಿಂದಿ ಮೈ ಬಿಗಿ ಹಿಡಿದು ನರಳಿತು. "ಯಾವಾಗಿಂದ?"

"ಬೆಳಿಗ್ಗೆಯಿಂದ ಅಕ್ಕ. ಏನೂ ತಿಂದಿಲ್ಲ, ನೀರು ಕುಡಿದ್ರೂ ಕಕ್ತಾಳೆ," ಎಂದಳು ಸೊಸೆ.

"ಹೊರಗೆ ಹೋಗಿದ್ಲಾ?"

"ಹೋಗಿ ಕೂತ್ಲು. ತಿಣುಕಿದ್ಲು. ಏನೂ ಬರ್ಲಿಲ್ಲ."

ಮಾಸ್ಟರು ಕುರ್ಚಿಯಿಂದಲೇ ಅಂದರು: "ನಾಯಿಗಳು ಹುಲ್ಲು ತಿಂದು ಕಕ್ತಾವೆ, ಸರಿ ಹೋಗ್ತಾವೆ. ನಾನು ಕಾಣದ್ದಾ? ನಾಯಿಗೆ ಡಾಕ್ಟರು ಅಂತೀರಿ, ನಾಳೆ ನಾಯಿಗೊಂದು ಕೋಟು ಹೊಲಿ ಅಂತೀರಿ."

"ಒಂದ್ಸಲ ಕಕ್ಕಿ, ಬಾಲ ಅಲ್ಲಾಡಿಸ್ಕೊಂಡು ಊಟಕ್ಕೆ ಬಂದ್ರೆ ನಾನೂ ಕಾಯಿರಿ ಅಂತೀನಿ ಮಾಸ್ಟ್ರೇ. ನೀರಿಟ್ಟು, ಒಂದು ದಿನ ಕಣ್ಣಿಟ್ಟಿರಿ ಅಂತೀನಿ. ಇದು ಹಾಗಲ್ಲ. ಮತ್ತೆ ಮತ್ತೆ ಕಕ್ತಿದೆ, ನೀರು ನಿಲ್ತಿಲ್ಲ, ಹೊಟ್ಟೆ ಮುಟ್ಟಿಸ್ಕೊಳ್ತಿಲ್ಲ, ತಿಣುಕಿದ್ರೂ ಏನೂ ಬರ್ತಿಲ್ಲ. ಒಳಗೆ ಏನೋ ಅಡ್ಡ ಇದ್ದ ಹಾಗಿದೆ. ಏನಾದ್ರೂ ನುಂಗಿದೆಯಾ? ಮೂಳೆ, ಗುಂಡಿ, ಬಟ್ಟೆ?"

ಮಾಸ್ಟರು ಕುರ್ಚಿಯ ಕೆಳಗೆ ಬಗ್ಗಿ ನೋಡಿದರು. ನೆಲ ಗುಡಿಸಿ ಚೊಕ್ಕಟವಾಗಿತ್ತು. "ಇಲ್ಲಮ್ಮ."

"ಏನಾದ್ರೂ ಔಷಧಿ ಕೊಟ್ಟಿದ್ದೀರಾ? ನಮ್ಮ ಮಾತ್ರೆಗಳು ಇವಕ್ಕೆ ವಿಷ ಇದ್ದ ಹಾಗೆ. ನೋವಿನ ಮಾತ್ರೆಯಂತೂ ಹೊಟ್ಟೆಯನ್ನೇ ಹುಣ್ಣು ಮಾಡತ್ತೆ. ಎಣ್ಣೆ ಗಿಣ್ಣೆ ಹೊಯ್ದ್ರೆ ಶ್ವಾಸಕ್ಕೆ ಹೋಗತ್ತೆ."

ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಮಾಸ್ಟರು ಕೈಯಲ್ಲಿದ್ದ ಚಡ್ಡಿಯ ಹೊಲಿಗೆಯಲ್ಲಿ ನೂಲಿನ ತುದಿ ಹುಡುಕುತ್ತಿದ್ದರು. ಕೇಳಿಸಲಿಲ್ಲವೆಂಬಂತೆ ಇದ್ದುಬಿಟ್ಟರು.

"ಆಸ್ಪತ್ರೆ ಇನ್ನೂ ತೆರೆದಿದೆ. ಈಗ್ಲೇ ಹೊರಡಿ. ನಾನೂ ಬರ್ತೀನಿ."

ಸೊಸೆ ಬಟ್ಟೆಯ ರಾಶಿ ನೋಡಿದಳು, ಮಾವನ ಮುಖ ನೋಡಿದಳು. "ಏನಂತೀರಿ ಮಾವ?"

"ನಾಳೆ ನೋಡೋಣ. ಬೆಳಿಗ್ಗೆ ಹೊತ್ತಿಗೆ ಎದ್ದು ಕುಣೀತಾಳೆ, ನೋಡ್ತಿರು."

ಲಸಿಕೆ ಅಕ್ಕ ಎದ್ದು ನಿಂತಳು. ಬಾಗಿಲಲ್ಲಿ ಇನ್ನೊಮ್ಮೆ ತಿರುಗಿ ನೋಡಿ, "ಬೆಳಿಗ್ಗೆ ಕಾಯ್ತಿರ್ತೀನಿ. ಬನ್ನಿ," ಎಂದಷ್ಟೇ ಹೇಳಿ ಹೋದಳು.

ಬೆಳಿಗ್ಗೆ ಸೊಸೆ ಸಮವಸ್ತ್ರದ ಗಂಟು ಹೊತ್ತುಕೊಂಡು ಶಾಲೆಗೆ ಹೊರಟಳು. "ಒಪ್ಪಿಸಿ ಓಡಿ ಬರ್ತೀನಿ ಮಾವ. ಬಂದ ಕೂಡ್ಲೇ ಆಸ್ಪತ್ರೆಗೆ. ನೀವು ಬೇಡ ಅಂದ್ರೂ ನಾನು ಕೇಳಲ್ಲ."

ಅವಳು ಹೋದ ಮೇಲೆ ಚಿಂದಿ ಮೂಲೆಯಿಂದ ಹೊರಬಂತು. ಕೋಣೆಯ ನಡುವೆ ನಿಂತು, ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ನಿಂತಿತು. ಮರಿಯಾಗಿದ್ದಾಗಿನಿಂದ ಆಟಕ್ಕೆ ಕರೆಯುವಾಗ ಅದು ನಿಲ್ಲುತ್ತಿದ್ದುದು ಹೀಗೇ. ಮಾಸ್ಟರ ಮುಖ ಅರಳಿತು.

"ಅಂದೆನಲ್ಲ! ಎದ್ದೆಯಾ ನನ್ನ ಕಳ್ಳಿ? ನಿನ್ನ ಗೊತ್ತಿಲ್ವಾ ನಂಗೆ!" ಎಂದು ಮೇಜಿನ ಮೇಲಿದ್ದ ಖಾಲಿ ನೂಲಿನ ಉರುಳೆಯನ್ನು ಉರುಳಿಸಿದರು.

ಉರುಳೆ ಉರುಳುತ್ತಾ ಹೋಗಿ ಗೋಡೆಗೆ ತಗುಲಿ ನಿಂತಿತು. ಚಿಂದಿ ಅಲುಗಲಿಲ್ಲ. ಬಾಲವೂ ಆಡಲಿಲ್ಲ. ಹಾಗೇ ನಿಂತು ಅವರ ಮುಖವನ್ನೇ ನೋಡಿತು. ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಅದು ಆಟಕ್ಕೆ ಕರೆಯುವುದಲ್ಲ, ಹೊಟ್ಟೆಯ ನೋವು ತಡೆಯಲಾರದ ನಾಯಿ ನಿಲ್ಲುವ ರೀತಿ ಎಂದು ಮಾಸ್ಟರಿಗೆ ತಿಳಿದದ್ದು ಆಮೇಲೆ. ಆಗ ಅವರು ಕಂಡದ್ದು ಆ ಕಣ್ಣುಗಳನ್ನು ಮಾತ್ರ. ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು.

ಚಿಂದಿ ತೂರಾಡುತ್ತಾ ಹಿತ್ತಿಲಿಗೆ ಹೋಯಿತು. ಮಾಸ್ಟರು ಗೋಡೆ ಹಿಡಿದುಕೊಂಡು ಹಿಂದೆಯೇ ಹೋದರು. ಒಗೆಯುವ ಕಲ್ಲಿನ ಪಕ್ಕದಲ್ಲಿ ಕೂತು ಅದು ತಿಣುಕಿತು. ಮತ್ತೆ ತಿಣುಕಿತು. ಒಂದೆರಡು ಹನಿ ಕಪ್ಪು ರಕ್ತದಂಥದು ಬಿತ್ತು. ಆಗ ಅವರಿಗೆ ಕಂಡಿತು. ಬಾಲದ ಕೆಳಗೆ ಬಿಳಿಯದೊಂದು ಎಳೆ, ಬೆರಳುದ್ದ, ಜೋತಾಡುತ್ತಿತ್ತು.

ನೂಲು. ಅವರದೇ ಕಚ್ಚಾ ನೂಲು. ಆ ಮಂಜುಗಣ್ಣಿಗೂ ಅದರ ಗುರುತು ತಪ್ಪಲಿಲ್ಲ.

"ಇದೇನಾ ನಿನ್ನ ಕಾಡ್ತಿರೋದು? ಇಷ್ಟೇನಾ?" ಎಂದು ಅವರಿಗೆ ಉಸಿರು ಬಂದ ಹಾಗಾಯಿತು. ಹೊರಬರಲು ನೋಡುತ್ತಿರುವ ನೂಲು, ಎಳೆದರೆ ಮುಗಿಯಿತು. ಬೆರಳು ಯೋಚನೆಗೆ ಕಾಯಲಿಲ್ಲ. ತುದಿಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿ, ಮೆಲ್ಲಗೆ ಎಳೆಯಿತು.

ಮೊದಲು ಸ್ವಲ್ಪ ಬಂತು. ಆಮೇಲೆ ಹಿಡಿದುಕೊಂಡಿತು. ಬಟ್ಟೆಯಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿರುಗಿಸಿ ನೋಡುತ್ತಿದ್ದರು. ಇಲ್ಲಿ ತಿರುಗಿಸಿ ನೋಡುವಂತಿರಲಿಲ್ಲ. ಇನ್ನೊಂದಿಷ್ಟು ಎಳೆದರು.

ಚಿಂದಿ ಕೂಗಿದ ಕೂಗಿಗೆ ಪಂಚರ್‌ನವನು ಸ್ಪ್ಯಾನರ್ ಹಿಡಿದುಕೊಂಡೇ ಓಡಿ ಬಂದ. ನೂಲು ತುಂಡಾಗಿತ್ತು. ನಾಯಿ ಕಲ್ಲಿನ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ಮಾಸ್ಟರು ನೆಲದ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಏನಾಯ್ತು ಮಾಸ್ಟ್ರೇ?"

"ಗಾಡಿ ತೆಗಿಯಯ್ಯ," ಎಂದರು ಮಾಸ್ಟರು. "ಬೇಗ ತೆಗಿ."

ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿಯಲ್ಲಿದ್ದ ಟೈರುಗಳನ್ನು ಅವನು ಕೆಳಗೆಸೆದು ಜಾಗ ಮಾಡಿದ. ಶಾಲೆಯಿಂದ ಓಡಿ ಬರುತ್ತಿದ್ದ ಸೊಸೆ ಬೀದಿಯ ತಿರುವಿನಲ್ಲಿ ಸಿಕ್ಕಿ ಹಾಗೇ ಹತ್ತಿಕೊಂಡಳು. ಚಿಂದಿಯ ಕಿವಿ ಮುಟ್ಟಿದಳು, ತಣ್ಣಗಿತ್ತು. ದಾರಿಯುದ್ದಕ್ಕೂ ಪಂಚರ್‌ನವನು ಹಾರ್ನ್ ಒತ್ತುತ್ತಲೇ ಗಾಡಿ ಓಡಿಸಿದ.

ಪಶು ಆಸ್ಪತ್ರೆಯ ಮೇಜು ತಗಡಿನದು. ಲಸಿಕೆ ಅಕ್ಕ ಅದರ ಮೇಲೆ ಕಂಬಳಿ ಹಾಸಿದಳು. ಡಾಕ್ಟರು ಚಿಕ್ಕ ವಯಸ್ಸಿನವರು. ವಸಡು ನೋಡಿದರು, ನಾಲಿಗೆ ಎತ್ತಿ ಅಡಿಯಲ್ಲಿ ನೋಡಿದರು, ಹೊಟ್ಟೆಯ ಮೇಲೆ ಕೈಯಿಟ್ಟರು.

"ಏನು ತಿಂದಿತ್ತು? ಏನಾದ್ರೂ ಕೊಟ್ರಾ? ಏನಾದ್ರೂ ಮಾಡಿದ್ರಾ? ಬಯ್ಯೋಕೆ ಕೇಳ್ತಿಲ್ಲ. ಗೊತ್ತಾದ್ರೆ ನಂಗೆ ದಾರಿ ಸಿಗತ್ತೆ."

ಮಾಸ್ಟರು ಬಲಗೈ ಮುಂದೆ ಚಾಚಿದರು. ತೋರುಬೆರಳಿಗೆ ಸುತ್ತಿದ ನೂಲು ಹಾಗೇ ಇತ್ತು, ಕೊಳೆಯಾಗಿ, ಒದ್ದೆಯಾಗಿ. ಬಿಚ್ಚುವುದು ಅವರಿಗೆ ಹೊಳೆದಿರಲೇ ಇಲ್ಲ.

"ಹಿಂದ್ಗಡೆ ಇಳಿದಿತ್ತು. ಎಳೆದೆ," ಎಂದರು. "ನಿನ್ನೆ ಎಣ್ಣೆ ಹೊಯ್ದಿದ್ದೆ. ನನ್ನ ಮಂಡಿನೋವಿನ ಮಾತ್ರೆ ಅರ್ಧ ಕೊಟ್ಟಿದ್ದೆ. ಇವಳಿಗೆ ಗೊತ್ತಿಲ್ಲ."

ಸೊಸೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ಡಾಕ್ಟರು ಹೇಳಿದರು: "ನೂಲಿನ ಒಂದು ತುದಿ ಮೇಲೆ ಎಲ್ಲೋ ಸಿಕ್ಕಿಕೊಂಡಿರತ್ತೆ ತಾತ. ಚೆಂಡಿನ ಹಾಗೆ ಹೊಟ್ಟೆಯಲ್ಲೇ ಕೂತಿರತ್ತೆ. ಬಿಚ್ಚಿಕೊಂಡ ಎಳೆ ಕರುಳಿಗೆ ಇಳಿಯತ್ತೆ. ಕರುಳು ಅದನ್ನ ಮುಂದಕ್ಕೆ ತಳ್ಳೋಕೆ ನೋಡತ್ತೆ. ನೂಲು ಬರಲ್ಲ. ಆಗ ಕರುಳೇ ಆ ನೂಲಿನ ಮೇಲೆ ಏರ್ಕೊಂಡು, ಏರ್ಕೊಂಡು..." ಮಾತು ಹುಡುಕುತ್ತಾ ಅವರು ಕೈಯಲ್ಲಿ ಏನೋ ತೋರಿಸಹೋದರು.

"ನೆರಿಗೆ ಕಟ್ಟತ್ತೆ," ಎಂದರು ಮಾಸ್ಟರು.

"ಹೌದು. ಹಾಗೇ."

"ಎಳೆದ್ರೆ ಹರಿಯತ್ತೆ."

ಜೀವಮಾನವೆಲ್ಲ ಬಟ್ಟೆಯಲ್ಲಿ ಕಂಡದ್ದನ್ನು ಮಾಸ್ಟರು ಈಗ ಆ ಪುಟ್ಟ ಹೊಟ್ಟೆಯೊಳಗೆ ಕಾಣುತ್ತಿದ್ದರು.

ಚಿಂದಿಗೆ ಡ್ರಿಪ್ ಹಾಕಿದರು. ಎಕ್ಸ್‌ರೇ ಆಯಿತು. ಹೊಟ್ಟೆ ತೆರೆಯದೆ ಬೇರೆ ದಾರಿಯಿಲ್ಲ, ಉಳಿಯುತ್ತದೆಂಬ ಭರವಸೆ ಕಮ್ಮಿ ಎಂದರು ಡಾಕ್ಟರು. "ಮಾಡಿ," ಎಂದಳು ಸೊಸೆ. ಒಳಗೆ ಒಯ್ಯುವ ಮೊದಲು ಚಿಂದಿ ತಲೆ ಎತ್ತಿ ಹುಡುಕಿತು. ಮಾಸ್ಟರು ಎಡಗೈಯಿಂದ ಅದರ ಹಣೆ ಸವರಿದರು. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

ಹೊರಗಿನ ಬೆಂಚಿನ ಮೇಲೆ ಮೂವರೂ ಕೂತರು. ಯಾರೋ ಒಂದು ಆಡನ್ನು ತಂದರು, ಯಾರೋ ಬುಟ್ಟಿಯಲ್ಲಿ ಬೆಕ್ಕಿನ ಮರಿ ತಂದರು. ಒಳಗೆ ಕತ್ತರಿಯ ಸದ್ದು ಕೇಳಿದ ಹಾಗಾಗಿ ಮಾಸ್ಟರು ಎದ್ದು ಅಂಗಳಕ್ಕೆ ಹೋಗಿ ನಿಂತರು.

ಬಾಗಿಲು ತೆರೆದಾಗ ಡಾಕ್ಟರ ಮುಖವೇ ಹೇಳಿತು. ಕರುಳು ಬಹಳ ಕಡೆ ಕೊಯ್ದುಹೋಗಿತ್ತಂತೆ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಬಿಡುತ್ತಿತ್ತಂತೆ. ಚಿಂದಿ ಆ ನಿದ್ದೆಯಿಂದ ಏಳಲಿಲ್ಲ.

"ನಾನು ಎಳೆದದ್ದಕ್ಕೇನಾ?" ಎಂದು ಕೇಳಿದರು ಮಾಸ್ಟರು.

"ಅದೊಂದೇ ಅಂತ ಹೇಳಲಾರೆ ತಾತ. ನೂಲು ಮೊದಲೇ ಕೊಯ್ಯೋಕೆ ಶುರು ಮಾಡಿತ್ತು. ಎಳೆದದ್ದು ಅದಕ್ಕೆ ಸೇರಿಕೊಂಡ್ತು. ತಡ ಆದದ್ದೂ ಸೇರಿಕೊಂಡ್ತು."

"ನಿನ್ನೆ ಸಂಜೆ ಬಂದಿದ್ರೆ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಖಂಡಿತ ಉಳೀತಿತ್ತು ಅನ್ನೋಲ್ಲ. ಆದ್ರೆ ಉಳಿಸೋಕೆ ನಮ್ಮ ಹತ್ರ ಹೊತ್ತು ಇರ್ತಿತ್ತು."

ಹಿತ್ತಿಲಲ್ಲಿ, ಒಗೆಯುವ ಕಲ್ಲಿನಿಂದ ದೂರದಲ್ಲಿ, ಪಂಚರ್‌ನವನೇ ನೆಲ ಅಗೆದ. ಸೊಸೆ ಚಿಂದಿ ಬಟ್ಟೆಯ ಮೂಟೆಯಿಂದ ಮೆತ್ತನೆಯ ತುಂಡುಗಳನ್ನೆಲ್ಲ ಆರಿಸಿ ಹಾಸಿದಳು. ಬಂದದ್ದೂ ಅದರಲ್ಲೇ, ಹೋದದ್ದೂ ಅದರಲ್ಲೇ. ಮಾಸ್ಟರು ಒಂದು ಹಿಡಿ ಮಣ್ಣು ಹಾಕಿ ಒಳಗೆ ಹೋದರು. ಸೊಸೆ ಬಂದು ನೋಡಿದರೆ ಕುರ್ಚಿಯಲ್ಲಿ ಕೂತು ಬೆರಳಿನ ನೂಲು ಬಿಚ್ಚಲು ನೋಡುತ್ತಿದ್ದರು. ಬೆರಳು ನಡುಗುತ್ತಿತ್ತು. ಅವಳು ಮುಂದೆ ಕೂತು, ತುದಿ ಹುಡುಕಿ, ಸುತ್ತು ಬಿಚ್ಚಿದಳು.

"ಬಯ್ಯಮ್ಮ ನಂಗೆ," ಎಂದರು ಮಾಸ್ಟರು.

"ಬಯ್ದ್ರೆ ಬರ್ತಾಳಾ ಮಾವ?" ಎಂದಳು ಅವಳು. ನೂಲನ್ನು ಮುದುರಿ ಹಿಡಿದು, "ನಾನೂ ಬಟ್ಟೆ ರಾಶಿ ನೋಡಿದೆನಲ್ಲ. ಹೊರಡೋಣ ಅಂತ ನಾನೂ ಹಟ ಹಿಡೀಲಿಲ್ಲ," ಎಂದು ಎದ್ದು ಹೋದಳು.

ಆಮೇಲೆ ಎಷ್ಟೋ ಕಾಲ ಮಾಸ್ಟರು ಕಚ್ಚಾ ಹೊಲಿಗೆ ಮುಟ್ಟಲಿಲ್ಲ. ಮುಟ್ಟಿದ ಮೇಲೂ ಮೊದಲಿನ ಹಾಗೆ ಒಂದೇ ಎಳೆತಕ್ಕೆ ತೆಗೆಯಲಿಲ್ಲ. ಪ್ರತಿ ಹೊಲಿಗೆಗೂ ಕತ್ತರಿ ತಾಗಿಸಿ, ಚೂರು ಚೂರಾಗಿ ತೆಗೆದು, ಮುಚ್ಚಳವಿರುವ ಡಬ್ಬಕ್ಕೆ ಹಾಕಿ, ಮುಚ್ಚಳ ಬಿಗಿಯಾಗಿದೆಯೇ ಎಂದು ಒತ್ತಿ ನೋಡುತ್ತಿದ್ದರು. ಕೈ ಒರೆಸಲು ಬಟ್ಟೆ ಕೇಳಿ ಪಡೆಯುತ್ತಿದ್ದರು. ಕೆಲಸ ನಿಧಾನವಾಯಿತು. ಸೊಸೆ ಒಂದು ದಿನವೂ ಅವಸರ ಮಾಡಲಿಲ್ಲ. ಕೆಲವು ಸಲ ಮಾತಿನ ನಡುವೆ ಅವರ ಕಾಲು ಕುರ್ಚಿಯ ಕೆಳಗೆ ಏನನ್ನೋ ಹುಡುಕುತ್ತಿತ್ತು. ಅವಳು ಕಂಡೂ ಕಾಣದವಳಂತೆ ಮಷೀನು ತುಳಿಯುತ್ತಿದ್ದಳು.

ಪಂಚರ್‌ನವನು ಅಂಗಡಿ ಕಾಯಲೆಂದು ಒಂದು ಮರಿ ತಂದು ಸಾಕಿಕೊಂಡಿದ್ದ. ಕಂಡದ್ದನ್ನೆಲ್ಲ ಕಚ್ಚುವ ಮರಿ. ಒಂದು ಬೆಳಿಗ್ಗೆ ಅವನ ಗೊಣಗಾಟ ಬೀದಿಯಾಚೆಗೂ ಕೇಳಿಸಿತು: "ಥೂ, ಮೂರು ಸಲ ಕಕ್ಕಿದ್ಯಲ್ಲೋ! ಬಾಯಲ್ಲೇನೋ ಅದು? ಮೂಟೆ ಕಟ್ಟೋ ದಾರ ತಿಂದ್ಯಾ? ಬಾ ಇಲ್ಲಿ, ಬಾಯಿ ಬಿಡು..."

ಮಂಡಿನೋವಿನ ಮಾಸ್ಟರು, ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾರದ ಮಾಸ್ಟರು, ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿದ್ದನ್ನು ಸೊಸೆ ಕಿಟಕಿಯಿಂದ ಕಂಡಳು. ಪಂಚರ್‌ನವನ ಬೆರಳು ಆಗಲೇ ಮರಿಯ ನಾಲಿಗೆಯ ಬುಡದಲ್ಲಿತ್ತು. ಮಾಸ್ಟರು ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು.

"ಎಳೀಬೇಡ."

"ತುದಿ ಕಾಣ್ತಿದೆ ಮಾಸ್ಟ್ರೇ, ಇಷ್ಟೇ ಇಷ್ಟು..."

"ನಂಗೂ ಕಂಡಿತ್ತು ಕಣಯ್ಯ," ಎಂದರು ಮಾಸ್ಟರು. "ಕೈ ಬಿಡು. ಗಾಡಿ ತೆಗಿ."

ಅವನು ಕೈ ಬಿಟ್ಟ. ಟವೆಲಿನಲ್ಲಿ ಸುತ್ತಿದ ಮರಿಯನ್ನು ಮಾಸ್ಟರೇ ಎದೆಗೆ ಒತ್ತಿಕೊಂಡು ಗಾಡಿಯಲ್ಲಿ ಕೂತರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಮೊದಲೇ ಹೇಳಿದರು: "ಇವತ್ತು ಬೆಳಿಗ್ಗೆ ಶುರುವಾದದ್ದು. ಮೂಟೆ ಕಟ್ಟೋ ದಾರ. ಒಂದು ತುದಿ ನಾಲಿಗೆ ಬುಡಕ್ಕೆ ಸಿಕ್ಕಿದೆ. ಎಳೆದಿಲ್ಲ. ಏನೂ ಕೊಟ್ಟಿಲ್ಲ." ಲಸಿಕೆ ಅಕ್ಕ ಮರಿಯನ್ನು ತೆಗೆದುಕೊಳ್ಳುವಾಗ ಅವರ ಕೈಯನ್ನು ಒಮ್ಮೆ ಒತ್ತಿದಳು.

ಆ ಮರಿ ಉಳಿಯಿತು. ಈಗ ಅದು ದೊಡ್ಡದಾಗಿದೆ, ಬೀದಿ ದಾಟಿ ಬಂದು ಮಾಸ್ಟರ ಬಾಗಿಲಲ್ಲಿ ನಿಲ್ಲುತ್ತದೆ. ಮಾಸ್ಟರು ಮಾತಾಡಿಸುತ್ತಾರೆ, ಮೀನಿನ ತಲೆ ಹಾಕುತ್ತಾರೆ. ಕುರ್ಚಿಯ ಕೆಳಗೆ ಮಾತ್ರ ಕರೆಯುವುದಿಲ್ಲ. ಆ ಜಾಗ ಖಾಲಿಯೇ ಇದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ನಾಯಿಗೂ ಹೊಟ್ಟೆ ಕೆಡುವ ದಿನ ಬರುತ್ತದೆ. ಒಮ್ಮೆ ವಾಂತಿಯೋ ಭೇದಿಯೋ ಆಗಿ, ಲವಲವಿಕೆಯಿಂದ ಓಡಾಡುತ್ತಿದ್ದರೆ ನೀರಿಟ್ಟು ಒಂದು ದಿನ ಕಣ್ಣಿಟ್ಟಿರಿ. ಆದರೆ ಮತ್ತೆ ಮತ್ತೆ ಕಕ್ಕಿದರೆ, ಕುಡಿದ ನೀರೂ ನಿಲ್ಲದಿದ್ದರೆ, ಊಟ ಬಿಟ್ಟು ಮೂಲೆ ಹಿಡಿದರೆ, ಹೊಟ್ಟೆ ಮುಟ್ಟಿದಾಗ ನರಳಿದರೆ, ಮಲದಲ್ಲಿ ರಕ್ತವೋ ಕಪ್ಪೋ ಕಂಡರೆ, ತಿಣುಕಿದರೂ ಏನೂ ಬಾರದಿದ್ದರೆ, "ನಾಳೆ ನೋಡೋಣ" ಅನ್ನಬೇಡಿ. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬರದಿದ್ದರೆ ಒಂದು ಗಳಿಗೆಯೂ ತಡ ಮಾಡಬೇಡಿ. ಮರಿಗಳು, ವಯಸ್ಸಾದ ನಾಯಿಗಳು ಬೇಗ ಸೋಲುತ್ತವೆ, ಅವುಗಳಿಗೆ ಒಂದು ದಿನದ ಕಾಯುವಿಕೆಯೂ ಬೇಡ. ಎದೆ ತಗ್ಗಿಸಿ ಹಿಂಭಾಗ ಎತ್ತಿ ನಿಂತು, ಬಾಲ ಆಡಿಸದೆ ನಿಮ್ಮ ಮುಖವನ್ನೇ ನೋಡಿದರೆ ಅದು ಆಟವಲ್ಲ, ನೋವು.

ನಿಮ್ಮ ಮಾತ್ರೆ ಅದಕ್ಕೆ ಕೊಡಬೇಡಿ. ಬಾಯಿಗೆ ಎಣ್ಣೆ ಹೊಯ್ಯಬೇಡಿ. ನೂಲು, ದಾರ, ಉದ್ದನೆಯ ಬಟ್ಟೆಯ ಚೂರು, ಮೂಳೆ ಇವನ್ನೆಲ್ಲ ಮುಚ್ಚಿಡಿ, ಎಣ್ಣೆ ಜಿಡ್ಡು, ಊಟದ ವಾಸನೆ ಅಂಟಿದ್ದನ್ನಂತೂ ನೆಲಕ್ಕೆ ಹಾಕಲೇಬೇಡಿ. ಏನು ತಿಂದಿತು, ಏನು ಕೊಟ್ಟಿರಿ ಎಂಬುದನ್ನು ಡಾಕ್ಟರಿಗೆ ನಾಚಿಕೆಯಿಲ್ಲದೆ ಹೇಳಿ.

ನಾಯಿಯ ಬಾಯಲ್ಲೋ ಹಿಂದೆಯೋ ನೂಲಿನ ತುದಿ ಕಂಡರೆ, ನಿಮ್ಮ ಕೈಯೂ ತಾನಾಗಿ ಅಲ್ಲಿಗೆ ಹೋಗುತ್ತದೆ. ಆ ಕೈಯನ್ನು ತಡೆಯಿರಿ. ಕತ್ತರಿ ಮಾಸ್ಟರನ್ನು ನೆನೆಯಿರಿ. ಅದೇ ಕೈಯಿಂದ ನಾಯಿಯನ್ನು ಎತ್ತಿಕೊಳ್ಳಿ, ಹಾಗೇ ಆಸ್ಪತ್ರೆಗೆ ಹೊರಡಿ.